ಔದ್ಯೋಗಿಕ ಅಸ್ತಮಾ: ರಕ್ತಪರೀಕ್ಷೆಯ ‘ನೆಗೆಟಿವ್’ ವರದಿಯನ್ನು ಎಷ್ಟು ನಂಬಬಹುದು?

ಪಾಲಿಯುರೆಥೇನಿನ ಸಂಪರ್ಕವೇ ಇಲ್ಲದ ಉದ್ಯಮವನ್ನು ಇಂದು ಹುಡುಕುವುದು ಕಷ್ಟ. ಹಾಸಿಗೆಯ ಫೋಮ್, ವಾಹನದ ಸೀಟು, ಶೀತಲಗೃಹದ ಗೋಡೆಯೊಳಗಿನ ಉಷ್ಣನಿರೋಧಕ ಪದರ, ಪಾದರಕ್ಷೆಯ ಅಟ್ಟೆ, ಪೀಠೋಪಕರಣಗಳಿಗೆ ಹೊಳಪು ನೀಡುವ ಪಿ.ಯು. ಪಾಲಿಶ್, ಕಾರಿನ ಮೈಗೆ ಹೊಡೆಯುವ ಎರಡು ಡಬ್ಬಿಯ ಬಣ್ಣ, ಫೌಂಡ್ರಿಗಳಲ್ಲಿ ಮರಳಿನ ಕೋರ್ ತಯಾರಿಸುವ ಕೋಲ್ಡ್ ಬಾಕ್ಸ್ ವಿಧಾನ, ಇವೆಲ್ಲವುಗಳ ಹಿಂದೆ ಇರುವುದು ಡೈಐಸೊಸಯನೇಟ್ ಎಂಬ ರಾಸಾಯನಿಕ ಕುಟುಂಬ. ಬೆಂಗಳೂರಿನ ಪೀಣ್ಯದಿಂದ ಹುಬ್ಬಳ್ಳಿಯ ಗೋಕುಲ ರಸ್ತೆಯವರೆಗೆ ಯಾವುದೇ ಕೈಗಾರಿಕಾ ಪ್ರದೇಶದಲ್ಲಿ ನಡೆದಾಡಿದರೂ ಇದನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುವ ಘಟಕಗಳು ಕಾಣಸಿಗುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ‘ಹಾರ್ಡ್ನರ್’ ಎಂದು ಕರೆಯುವ ಚಿಕ್ಕ ಡಬ್ಬಿಯಲ್ಲಿ ಸಾಮಾನ್ಯವಾಗಿ ಇರುವುದೂ ಇದೇ.

ಈ ರಾಸಾಯನಿಕವು ಉದ್ಯೋಗದಿಂದ ಬರುವ ಅಸ್ತಮಾಕ್ಕೆ ವಿಶ್ವದಾದ್ಯಂತ ಗುರುತಿಸಲ್ಪಟ್ಟ ಪ್ರಮುಖ ಕಾರಣಗಳಲ್ಲೊಂದು. ಕಾರ್ಮಿಕನಿಗೆ ಈ ರೋಗ ತಗಲಿದೆಯೇ ಎಂದು ತಿಳಿಯಲು ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುವ ಪರೀಕ್ಷೆ ಲಭ್ಯವಿದೆ. ನಾನು ಲೆಕ್ಕಪರಿಶೋಧನೆ ನಡೆಸುವ ಸಂಸ್ಥೆಯೊಂದರ ಆಡಳಿತ ವರ್ಗವು ಎಲ್ಲ ಕಾರ್ಮಿಕರಿಗೂ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಿ, ‘ನೆಗೆಟಿವ್’ ವರದಿಯನ್ನೇ ಆರೋಗ್ಯದ ಪ್ರಮಾಣಪತ್ರವೆಂದು ಕಡತದಲ್ಲಿಡುವ ಪ್ರಸ್ತಾವನೆಯನ್ನು ಆಯವ್ಯಯದಲ್ಲಿ ಸೇರಿಸಿತ್ತು. ಉದ್ದೇಶ ಒಳ್ಳೆಯದೇ. ಆದರೆ ಆ ವರದಿ ಅಷ್ಟು ಭಾರವನ್ನು ಹೊರಬಲ್ಲದೇ? ಈ ಪ್ರಶ್ನೆಯ ಬೆನ್ನುಹತ್ತಿ ತಿಳಿದುಕೊಂಡ ಸಂಗತಿಗಳನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ರೋಗದ ಸ್ವರೂಪ

ಟೊಲೀನ್ ಡೈಐಸೊಸಯನೇಟ್, ಅಂದರೆ ಟಿ.ಡಿ.ಐ.ಯಿಂದ ಅಸ್ತಮಾ ಬರುವುದನ್ನು ಫ್ರಾನ್ಸಿನ ಫುಕ್ಸ್ ಮತ್ತು ವಲಾಡ್ ಎಂಬ ವೈದ್ಯರು 1951ರಲ್ಲಿಯೇ ವರದಿ ಮಾಡಿದ್ದರು. ಅನಂತರ ಎಂ.ಡಿ.ಐ. ಮತ್ತು ಎಚ್.ಡಿ.ಐ. ಎಂಬ ಇದೇ ಕುಟುಂಬದ ಇತರ ರಾಸಾಯನಿಕಗಳೂ ಪಟ್ಟಿಗೆ ಸೇರಿದವು. ಹೆಚ್ಚಾಗಿ ಟಿ.ಡಿ.ಐ. ಮೆತ್ತನೆಯ ಫೋಮ್‌ನಲ್ಲಿ, ಎಂ.ಡಿ.ಐ. ಗಡಸು ಫೋಮ್ ಹಾಗೂ ಅಂಟುಗಳಲ್ಲಿ, ಎಚ್.ಡಿ.ಐ. ವಾಹನಗಳ ಬಣ್ಣದಲ್ಲಿ ಬಳಕೆಯಾಗುತ್ತವೆ.

ಈ ರೋಗಕ್ಕೆ ಮೂರು ಲಕ್ಷಣಗಳಿವೆ. ಮೊದಲನೆಯದಾಗಿ, ಇದು ಕೆಲಸಕ್ಕೆ ಸೇರಿದ ದಿನವೇ ಬರುವುದಿಲ್ಲ. ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳ ಸಂಪರ್ಕದ ನಂತರ ದೇಹವು ಆ ರಾಸಾಯನಿಕಕ್ಕೆ ಅತಿಸಂವೇದನೆ ಬೆಳೆಸಿಕೊಳ್ಳುತ್ತದೆ. ಎರಡನೆಯದಾಗಿ, ಒಮ್ಮೆ ಅತಿಸಂವೇದನೆ ಬಂದಿತೆಂದರೆ, ಇತರರಿಗೆ ಏನೂ ಮಾಡದಷ್ಟು ಅಲ್ಪ ಪ್ರಮಾಣವೂ ಆ ವ್ಯಕ್ತಿಯ ಉಸಿರಾಟವನ್ನು ಬಿಗಿಹಿಡಿಯಬಲ್ಲದು. ಮೂರನೆಯದಾಗಿ, ಎಷ್ಟೋ ವೇಳೆ ಲಕ್ಷಣಗಳು ಕಾಣಿಸುವುದು ಸಂಪರ್ಕವಾದ ಹಲವು ಗಂಟೆಗಳ ನಂತರ. ಮಧ್ಯಾಹ್ನ ಬಣ್ಣ ಹೊಡೆದವನಿಗೆ ರಾತ್ರಿ ಮನೆಯಲ್ಲಿ ಕೆಮ್ಮು, ಉಬ್ಬಸ ಶುರುವಾಗುತ್ತದೆ. ಮನೆಯವರು ತಂಡಿಯೆಂದೋ, ಮನೆಯ ಧೂಳೆಂದೋ ಭಾವಿಸುತ್ತಾರೆಯೇ ಹೊರತು ಕಾರ್ಖಾನೆಯನ್ನು ನೆನೆಯುವುದಿಲ್ಲ.

ಅಮೆರಿಕನ್ ಥೊರಾಸಿಕ್ ಸೊಸೈಟಿಯು ವಯಸ್ಕರ ಅಸ್ತಮಾದಲ್ಲಿ ಉದ್ಯೋಗದ ಪಾಲು ಸುಮಾರು ಶೇ. 15 ಎಂದು 2003ರಲ್ಲಿ ಅಂದಾಜು ಮಾಡಿತ್ತು. ಯುರೋಪಿನ ಸಂಸ್ಥೆಯೊಡನೆ ಸೇರಿ 2019ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಅದು ಶೇ. 16 ಆಗಿದೆ. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರವು ವಾಹನಗಳಿಗೆ ಬಣ್ಣ ಸಿಂಪಡಿಸುವವರಿಗೆ ಅಸ್ತಮಾ ಬರುವ ಅಪಾಯ ಸಾಮಾನ್ಯ ದುಡಿಯುವ ಜನರಿಗಿಂತ ಸುಮಾರು 80 ಪಟ್ಟು ಹೆಚ್ಚೆಂದು ಎಚ್ಚರಿಸಿತ್ತು.

ಪ್ರತಿಕಾಯ ಪರೀಕ್ಷೆ ಎಂದರೇನು?

ದೇಹಕ್ಕೆ ಹೊರಗಿನ ವಸ್ತು ಪ್ರವೇಶಿಸಿದಾಗ ಅದನ್ನು ಗುರುತಿಸಿ ಹಿಡಿಯಲು ರಕ್ತದಲ್ಲಿ ತಯಾರಾಗುವ ಪ್ರೋಟೀನುಗಳೇ ಪ್ರತಿಕಾಯಗಳು. ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯವನ್ನು ಅಮೆರಿಕದಲ್ಲಿದ್ದ ಜಪಾನ್ ಮೂಲದ ಇಶಿಝಾಕ ದಂಪತಿಗಳು ಹಾಗೂ ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಚ್ ಎಂಬ ವಿಜ್ಞಾನಿಗಳು 1966–67ರಲ್ಲಿ ಪ್ರತ್ಯೇಕವಾಗಿ ಕಂಡುಹಿಡಿದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಅದಕ್ಕೆ ಐ.ಜಿ.ಇ. ಎಂಬ ಹೆಸರು ನಿಶ್ಚಿತವಾಯಿತು. ಪರಾಗ, ಹಿಟ್ಟಿನ ಧೂಳು, ಪ್ರಾಣಿಗಳ ರೋಮ ಮುಂತಾದವುಗಳ ಅಲರ್ಜಿಯನ್ನು ಗುರುತಿಸುವಲ್ಲಿ ಐ.ಜಿ.ಇ. ಪರೀಕ್ಷೆ ಬಹಳ ಉಪಯುಕ್ತವೆಂದು ಸಿದ್ಧವಾಗಿದೆ.

ಆದರೆ ಕೈಗಾರಿಕಾ ರಾಸಾಯನಿಕಗಳ ವಿಷಯದಲ್ಲಿ ಒಂದು ತೊಡಕಿದೆ. ಹಿಟ್ಟಿನ ಪ್ರೋಟೀನು ಗಾತ್ರದಲ್ಲಿ ದೊಡ್ಡದು, ದೇಹ ಅದನ್ನು ನೇರವಾಗಿ ಗುರುತಿಸುತ್ತದೆ. ಐಸೊಸಯನೇಟಿನ ಅಣು ಬಹಳ ಚಿಕ್ಕದು. ಅದು ದೇಹದೊಳಗೆ ರಕ್ತದ ಆಲ್ಬುಮಿನ್‌ನಂತಹ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಪ್ರಯೋಗಾಲಯವೂ ರಾಸಾಯನಿಕವನ್ನು ಮಾನವ ಆಲ್ಬುಮಿನ್‌ಗೆ ಕೃತಕವಾಗಿ ಬೆಸೆದು, ಆ ಜೋಡಿಯನ್ನು ಗುರುತಿಸುವ ಪ್ರತಿಕಾಯ ರೋಗಿಯ ರಕ್ತದಲ್ಲಿದೆಯೇ ಎಂದು ನೋಡಬೇಕು. ಈ ಬೆಸುಗೆ ನಡೆಸಿದ ವಿಧಾನ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಶ್ವಾಸಕೋಶದೊಳಗೆ ನಿಜವಾಗಿ ಉಂಟಾಗುವ ಜೋಡಿಯೇ ಬೇರೆಯಾಗಿದ್ದರೆ ಪರೀಕ್ಷೆಗೆ ಅದು ಸಿಕ್ಕದೇ ಹೋಗಬಹುದು. ಅಲ್ಲದೆ ಐಸೊಸಯನೇಟ್ ಅಸ್ತಮಾ ಬಹಳಷ್ಟು ರೋಗಿಗಳಲ್ಲಿ ಐ.ಜಿ.ಇ. ಹೊರತಾದ ಮಾರ್ಗಗಳಿಂದಲೂ ಬರುವಂತೆ ಕಾಣುತ್ತದೆ.

ಯಾವ ರಾಸಾಯನಿಕ ಎಂಬುದೇ ಮೊದಲ ಪ್ರಶ್ನೆ

ಹಾಗೆಂದು ಪ್ರತಿಕಾಯ ಪರೀಕ್ಷೆಯೇ ನಿಷ್ಪ್ರಯೋಜಕವೆಂದು ಭಾವಿಸಬಾರದು. ಪ್ಲಾಟಿನಂ ಶುದ್ಧೀಕರಣ ಘಟಕಗಳ ಉದಾಹರಣೆಯನ್ನೇ ನೋಡೋಣ. ಬ್ರಿಟನ್ನಿನ ಹಂಟರ್, ಮಿಲ್ಟನ್ ಮತ್ತು ಪೆರ್ರಿ ಎಂಬುವರು 1945ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಲಾಟಿನಂನ ಸಂಕೀರ್ಣ ಲವಣಗಳ ಸಂಪರ್ಕವಿದ್ದ ಕಾರ್ಮಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಸ್ತಮಾ ಕಂಡುಬಂದಿತ್ತು. ಈ ಲವಣಗಳ ವಿಷಯದಲ್ಲಿ ಚರ್ಮಕ್ಕೆ ಸೂಜಿಮೊನೆಯಿಂದ ಚುಚ್ಚಿ ನೋಡುವ ಪರೀಕ್ಷೆ, ಅಂದರೆ ಐ.ಜಿ.ಇ. ಪ್ರತಿಕ್ರಿಯೆಯನ್ನು ಚರ್ಮದ ಮೇಲೆಯೇ ಕಾಣುವ ವಿಧಾನ, ವಿಶ್ವಾಸಾರ್ಹವೆಂದು ಸ್ಥಾಪಿತವಾಗಿದೆ. ಆದ್ದರಿಂದ ಆ ಉದ್ಯಮದಲ್ಲಿ ಕಾರ್ಮಿಕರನ್ನು ನಿಯತವಾಗಿ ಪರೀಕ್ಷಿಸಿ, ಪಾಸಿಟಿವ್ ಬಂದವರನ್ನು ರೋಗ ಬಲಿಯುವ ಮೊದಲೇ ಬೇರೆ ಕೆಲಸಕ್ಕೆ ಹಾಕುವ ಪದ್ಧತಿ ಬೆಳೆದುಬಂದಿದೆ. ಎಪಾಕ್ಸಿ ರಾಳ ಮತ್ತು ಬಣ್ಣಗಳ ತಯಾರಿಕೆಯಲ್ಲಿ ಬಳಸುವ ಆಸಿಡ್ ಅನ್‌ಹೈಡ್ರೈಡ್‌ಗಳ ವಿಷಯದಲ್ಲಿಯೂ ಐ.ಜಿ.ಇ. ಪರೀಕ್ಷೆ ಗಣನೀಯವಾಗಿ ನೆರವಾಗುತ್ತದೆ.

ಐಸೊಸಯನೇಟುಗಳ ಕಥೆ ಬೇರೆ. ಅಸ್ತಮಾ ಇರುವುದು ಬೇರೆ ವಿಧಾನಗಳಿಂದ ಖಚಿತವಾದ ರೋಗಿಗಳಲ್ಲಿಯೂ ಐ.ಜಿ.ಇ. ಪ್ರತಿಕಾಯ ಕಂಡುಬರುವುದು ಅನೇಕ ಅಧ್ಯಯನಗಳಲ್ಲಿ ಸರಿಸುಮಾರು ಐದರಲ್ಲಿ ಒಬ್ಬರಿಂದ ಮೂರರಲ್ಲಿ ಒಬ್ಬರವರೆಗೆ ಮಾತ್ರ. ಇನ್ನೊಂದೆಡೆ, ರೋಗವಿಲ್ಲದವರಲ್ಲಿ ಈ ಪ್ರತಿಕಾಯ ಕಾಣುವುದು ಅಪರೂಪ. ಸಂಕ್ಷೇಪವಾಗಿ ಹೇಳುವುದಾದರೆ, ಸಂಶಯವಿರುವ ರೋಗಿಯಲ್ಲಿ ‘ಪಾಸಿಟಿವ್’ ಬಂದರೆ ಆ ಮಾತಿಗೆ ಬೆಲೆಯುಂಟು, ‘ನೆಗೆಟಿವ್’ ಬಂದರೆ ಬಹುಮಟ್ಟಿಗೆ ಏನನ್ನೂ ಹೇಳಿದಂತಾಗುವುದಿಲ್ಲ.

ಒಂದು ಸರಳ ಲೆಕ್ಕ

ಲೆಕ್ಕದ ಭಾಷೆಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ತಿಳಿವಳಿಕೆಗಾಗಿ ಒಂದು ಕಾಲ್ಪನಿಕ ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಒಟ್ಟು ಕಾರ್ಮಿಕರು 200. ಅವರಲ್ಲಿ 20 ಮಂದಿಗೆ ಐಸೊಸಯನೇಟ್ ಅಸ್ತಮಾ ಇದೆ. ಪರೀಕ್ಷೆಯು ರೋಗಿಗಳಲ್ಲಿ ಶೇ. 25ರಷ್ಟು ಮಂದಿಯನ್ನು ಪತ್ತೆಹಚ್ಚುತ್ತದೆ ಮತ್ತು ರೋಗವಿಲ್ಲದವರಲ್ಲಿ ಶೇ. 95ರಷ್ಟು ಮಂದಿಗೆ ಸರಿಯಾಗಿ ‘ನೆಗೆಟಿವ್’ ಎನ್ನುತ್ತದೆ ಎಂದಿಟ್ಟುಕೊಳ್ಳೋಣ.

ಇಪ್ಪತ್ತು ರೋಗಿಗಳಲ್ಲಿ 5 ಮಂದಿಗೆ ಪಾಸಿಟಿವ್ ಬರುತ್ತದೆ, 15 ಮಂದಿಗೆ ನೆಗೆಟಿವ್ ಬರುತ್ತದೆ. ರೋಗವಿಲ್ಲದ 180 ಮಂದಿಯಲ್ಲಿ 9 ಮಂದಿಗೆ ತಪ್ಪಾಗಿ ಪಾಸಿಟಿವ್ ಬರುತ್ತದೆ. ಆಡಳಿತ ವರ್ಗದ ಮೇಜಿನ ಮೇಲೆ 14 ಪಾಸಿಟಿವ್ ವರದಿಗಳು ಬಂದು ಬೀಳುತ್ತವೆ. ಅವುಗಳಲ್ಲಿ ನಿಜವಾದವು 5 ಮಾತ್ರ. ಆರೋಗ್ಯವಂತರಾದ 9 ಮಂದಿ ಅನಗತ್ಯವಾಗಿ ಕೆಲಸದ ಚಿಂತೆಗೆ ಸಿಲುಕುತ್ತಾರೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ರೋಗವಿರುವ 15 ಮಂದಿ ‘ನೆಗೆಟಿವ್’ ಎಂಬ ಮುದ್ರೆಯೊಂದಿಗೆ ಮತ್ತೆ ಅದೇ ಬೂತಿಗೆ, ಅದೇ ಫೋಮ್ ಯಂತ್ರದ ಬಳಿಗೆ ಹಿಂದಿರುಗುತ್ತಾರೆ.

ಈಗ ಅದೇ ಪರೀಕ್ಷೆಯನ್ನು ಎಲ್ಲರಿಗೂ ಮಾಡದೆ, ಉಸಿರಾಟದ ತೊಂದರೆ ಕಂಡು ವೈದ್ಯರು ಸಂಶಯಪಟ್ಟ 40 ಮಂದಿಗೆ ಮಾತ್ರ ಮಾಡೋಣ. ಆ 40ರಲ್ಲಿ ಮೇಲಿನ 20 ರೋಗಿಗಳೂ ಇದ್ದಾರೆ. ರೋಗಿಗಳಲ್ಲಿ 5, ಉಳಿದ 20 ಮಂದಿಯಲ್ಲಿ 1, ಒಟ್ಟು 6 ಪಾಸಿಟಿವ್. ಆರರಲ್ಲಿ ಐದು ನಿಜ. ಪರೀಕ್ಷೆ ಅದೇ, ರಕ್ತವೂ ಅದೇ, ಆದರೆ ಪಾಸಿಟಿವ್ ವರದಿಗೆ ಈಗ ಎಷ್ಟೋ ಹೆಚ್ಚು ತೂಕ ಬಂದಿದೆ. ಆದರೂ ತಪ್ಪಿಸಿಕೊಂಡ 15 ಮಂದಿ ಇಲ್ಲಿಯೂ ತಪ್ಪಿಸಿಕೊಂಡೇ ಇದ್ದಾರೆ ಎಂಬುದನ್ನು ಮರೆಯಬಾರದು.

ನಮ್ಮ ವೃತ್ತಿಯಲ್ಲಿ ಇದಕ್ಕೆ ಸಮಾನವಾದ ತತ್ವವೊಂದಿದೆ. ‘ಬಾಕಿ ಮೊತ್ತಕ್ಕೆ ನಿಮ್ಮ ಆಕ್ಷೇಪಣೆ ಇದ್ದರೆ ಮಾತ್ರ ಉತ್ತರಿಸಿ’ ಎಂದು ಸಾಲಗಾರರಿಗೆ ಪತ್ರ ಬರೆಯುವ ಪದ್ಧತಿ ಲೆಕ್ಕಪರಿಶೋಧನೆಯಲ್ಲಿದೆ. ಉತ್ತರ ಬಾರದಿದ್ದರೆ ಬಾಕಿ ಸರಿಯಾಗಿದೆ ಎಂದು ಊಹಿಸಬಹುದಾದರೂ, ಅದು ದುರ್ಬಲ ಸಾಕ್ಷ್ಯವೆಂದು ಲೆಕ್ಕಪರಿಶೋಧನಾ ಮಾನದಂಡ 505 ಎಚ್ಚರಿಸುತ್ತದೆ. ಮೌನವನ್ನು ಒಪ್ಪಿಗೆಯೆಂದು ಪೂರ್ಣವಾಗಿ ನಂಬಲಾಗದು. ಪ್ರತಿಕಾಯ ಕಾಣದ ರಕ್ತವೂ ಇಂತಹ ಮೌನವೇ.

ವರದಿಯನ್ನು ಓದುವಾಗ ಗಮನಿಸಬೇಕಾದ ಅಂಶಗಳು

ರಕ್ತವನ್ನು ಯಾವಾಗ ತೆಗೆದರು ಎಂಬುದು ಬಹುಮುಖ್ಯ. ಸಂಪರ್ಕ ನಿಂತ ಮೇಲೆ ಐ.ಜಿ.ಇ. ಮಟ್ಟ ಕ್ರಮೇಣ ಇಳಿಯುತ್ತದೆ. ಕಾರ್ಮಿಕ ಕೆಲಸ ಬಿಟ್ಟು ತಿಂಗಳುಗಟ್ಟಲೆ ಕಳೆದ ನಂತರ ತೆಗೆದ ರಕ್ತ ‘ನೆಗೆಟಿವ್’ ಎಂದರೆ, ಅದು ಹಿಂದೆ ನಡೆದುದನ್ನು ಅಲ್ಲಗಳೆಯಲಾರದು. ಪರಿಹಾರದ ವಿವಾದಗಳಲ್ಲಿ ಈ ಅಂಶ ನಿರ್ಣಾಯಕವಾಗಬಹುದು.

ಯಾವ ಪ್ರತಿಕಾಯವನ್ನು ಅಳೆದರು ಎಂಬುದನ್ನೂ ನೋಡಬೇಕು. ಐ.ಜಿ.ಜಿ. ಎಂಬ ಬೇರೊಂದು ಪ್ರತಿಕಾಯವಿದೆ. ಅದು ರಾಸಾಯನಿಕದ ಸಂಪರ್ಕವಾಗಿದೆ ಎಂಬುದರ ಕುರುಹೇ ಹೊರತು ರೋಗದ ಕುರುಹಲ್ಲ. ಯಾವ ತೊಂದರೆಯೂ ಇಲ್ಲದ ಕಾರ್ಮಿಕನಲ್ಲಿಯೂ ಅದು ಇರಬಹುದು. ಎರಡನ್ನೂ ಬೆರೆಸಿ ಓದಿದರೆ ಅನರ್ಥವಾಗುತ್ತದೆ. ಹಾಗೆಯೇ ಎಂ.ಡಿ.ಐ. ಬಳಸುವ ಘಟಕದ ಕಾರ್ಮಿಕನಿಗೆ ಟಿ.ಡಿ.ಐ. ಪರೀಕ್ಷೆ ಮಾತ್ರ ಮಾಡಿಸಿದರೆ ಆ ವರದಿಯಿಂದ ಹೆಚ್ಚೇನೂ ತಿಳಿಯದು.

ನಮ್ಮ ದೇಶದ ದುಃಖಕರ ಅನುಭವವೊಂದು ಇಲ್ಲಿ ಪ್ರಸ್ತುತ. 1984ರ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ರಾಸಾಯನಿಕ ವರ್ಗಕ್ಕೆ ಸೇರಿದ್ದು, ಆದರೆ ಅಲ್ಲಿಯ ಹಾನಿ ಮುಖ್ಯವಾಗಿ ನೇರ ವಿಷದ ಸ್ವರೂಪದ್ದು. ಅಮೆರಿಕ ಹಾಗೂ ಭಾರತದ ಸಂಶೋಧಕರು ಸೇರಿ 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನಿಲಕ್ಕೆ ತುತ್ತಾದ ಕೆಲವರ ರಕ್ತದಲ್ಲಿ ಅದಕ್ಕೆ ವಿಶಿಷ್ಟವಾದ ಪ್ರತಿಕಾಯಗಳು ಕಂಡುಬಂದವು. ಅವುಗಳ ಮಟ್ಟ ಕಡಿಮೆಯಿದ್ದು, ಕೆಲವು ತಿಂಗಳಲ್ಲಿ ಇಳಿದುಹೋಯಿತು. ಜನರ ಶ್ವಾಸಕೋಶದ ತೊಂದರೆಗಳಾದರೋ ವರ್ಷಗಟ್ಟಲೆ ಉಳಿದವು. ರಕ್ತದಲ್ಲಿನ ಕುರುಹು ಅಳಿದುದರಿಂದ ಕಾಯಿಲೆ ಅಳಿಯಲಿಲ್ಲ.

ಹಾಗಾದರೆ ರೋಗನಿರ್ಣಯ ಹೇಗೆ?

ಅತ್ಯಂತ ಸುಲಭವಾದ ಸಾಧನ ಒಂದು ಪ್ರಶ್ನೆ: ‘ವಾರದ ರಜೆಯಲ್ಲಿ ಅಥವಾ ಊರಿಗೆ ಹೋದಾಗ ಉಸಿರಾಟ ಸುಧಾರಿಸುತ್ತದೆಯೇ?’ ಹೌದೆಂದರೆ ಮುಂದಿನ ಹೆಜ್ಜೆ ಪೀಕ್ ಫ್ಲೋ ಮೀಟರ್ ಎಂಬ ಊದುಕೊಳವೆ. ಕಾರ್ಮಿಕ ದಿನಕ್ಕೆ ಕನಿಷ್ಠ 4 ಬಾರಿ, ಸುಮಾರು 4 ವಾರಗಳ ಕಾಲ, ಕೆಲಸದ ದಿನಗಳಲ್ಲಿಯೂ ರಜೆಯ ದಿನಗಳಲ್ಲಿಯೂ ಊದಿ ಅಂಕಿಗಳನ್ನು ಬರೆದಿಡಬೇಕು. ಕೆಲಸದ ದಿನಗಳಲ್ಲಿ ಅಂಕಿ ಇಳಿದು ರಜೆಯಲ್ಲಿ ಏರಿದರೆ ಅದು ಬಲವಾದ ಸಾಕ್ಷ್ಯ. ಈ ದಾಖಲೆಯನ್ನು ವಿಶ್ಲೇಷಿಸಲು ಬರ್ಮಿಂಗ್‌ಹ್ಯಾಮ್‌ನ ವೈದ್ಯರು ‘ಓಯಸಿಸ್’ ಎಂಬ ಕಂಪ್ಯೂಟರ್ ತಂತ್ರಾಂಶವನ್ನೇ ರೂಪಿಸಿದ್ದಾರೆ. ಕೊನೆಯ ಮಾತು ಹೇಳುವ ಪರೀಕ್ಷೆಯೆಂದರೆ, ವೈದ್ಯರ ಕಣ್ಗಾವಲಿನಲ್ಲಿ ರೋಗಿಗೆ ಆ ರಾಸಾಯನಿಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಉಸಿರಾಡಿಸಿ ನೋಡುವುದು. ಇದು ಅಪಾಯವಿರುವ ಪರೀಕ್ಷೆಯಾದ್ದರಿಂದ ಪ್ರಪಂಚದ ಕೆಲವೇ ವಿಶೇಷ ಕೇಂದ್ರಗಳಲ್ಲಿ ನಡೆಯುತ್ತದೆ.

ಕೆನಡಾದ ಒಂಟಾರಿಯೋ ಪ್ರಾಂತ್ಯದ ಅನುಭವ ಉದ್ಯಮಿಗಳಿಗೆ ಮಾದರಿಯಾಗಬಲ್ಲದು. ಅಲ್ಲಿ 1983ರಲ್ಲಿ ಐಸೊಸಯನೇಟ್ ಬಳಸುವ ಕಾರ್ಖಾನೆಗಳಿಗೆ ವಾಯುವಿನ ಮಾಪನ ಹಾಗೂ ಕಾರ್ಮಿಕರ ವೈದ್ಯಕೀಯ ನಿಗಾವಣೆಯನ್ನು ಕಡ್ಡಾಯಗೊಳಿಸಲಾಯಿತು. ನಿಗಾವಣೆಯ ಆಧಾರ ಪ್ರತಿಕಾಯ ಪರೀಕ್ಷೆಯಲ್ಲ. ಉಸಿರಾಟದ ಪ್ರಶ್ನಾವಳಿ ಮತ್ತು ಸ್ಪೈರೋಮೆಟ್ರಿ. ಆರಂಭದಲ್ಲಿ ಪರಿಹಾರದ ಅರ್ಜಿಗಳು ಹೆಚ್ಚಾದವು, ಏಕೆಂದರೆ ಅಡಗಿದ್ದ ರೋಗಿಗಳು ಬೆಳಕಿಗೆ ಬಂದರು. ಅನಂತರದ ವರ್ಷಗಳಲ್ಲಿ ಅರ್ಜಿಗಳು ಇಳಿದವು. ಬೇಗ ಪತ್ತೆಯಾದವರ ಸ್ಥಿತಿಯೂ ಉತ್ತಮವಾಗಿತ್ತು.

ಬೇಗ ಪತ್ತೆಹಚ್ಚುವುದರ ಬೆಲೆಯನ್ನು ಇಲ್ಲಿ ಒತ್ತಿ ಹೇಳಬೇಕು. ಸಂಪರ್ಕ ಸಂಪೂರ್ಣ ನಿಂತ ಮೇಲೂ ಪೂರ್ಣವಾಗಿ ಗುಣಮುಖರಾಗುವವರು ಸರಿಸುಮಾರು ಮೂರರಲ್ಲಿ ಒಬ್ಬರು ಮಾತ್ರ. ರೋಗಲಕ್ಷಣಗಳಿದ್ದೂ ಹೆಚ್ಚು ಕಾಲ ಅದೇ ಕೆಲಸದಲ್ಲಿ ಮುಂದುವರಿದಷ್ಟೂ ಗುಣವಾಗುವ ಸಂಭವ ಕುಗ್ಗುತ್ತದೆ. ತಪ್ಪು ಭರವಸೆ ನೀಡುವ ಒಂದು ‘ನೆಗೆಟಿವ್’ ವರದಿ ಆ ಅಮೂಲ್ಯ ತಿಂಗಳುಗಳನ್ನು ನುಂಗಿಹಾಕಬಲ್ಲದು.

ಕಾನೂನು ಮತ್ತು ಲೆಕ್ಕಪತ್ರ

ಭೋಪಾಲ ದುರಂತದ ನಂತರ 1948ರ ಕಾರ್ಖಾನೆಗಳ ಕಾಯಿದೆಗೆ 1987ರಲ್ಲಿ ತಂದ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳ ಕಾರ್ಮಿಕರ ಆರೋಗ್ಯ ದಾಖಲೆ ಹಾಗೂ ನಿಯತ ವೈದ್ಯಕೀಯ ತಪಾಸಣೆಯನ್ನು ಮಾಲೀಕರ ಕರ್ತವ್ಯವನ್ನಾಗಿಸಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದ್ದು, ನಿಗದಿತ ವರ್ಗದ ನೌಕರರಿಗೆ ಉಚಿತ ವಾರ್ಷಿಕ ಆರೋಗ್ಯ ತಪಾಸಣೆಯನ್ನು ಅದು ವಿಧಿಸುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಔದ್ಯೋಗಿಕ ರೋಗಗಳ 2010ರ ಪಟ್ಟಿಯಲ್ಲಿ ಕೆಲಸದ ವಸ್ತುಗಳಿಂದ ಬರುವ ಅಸ್ತಮಾ ಸೇರಿದೆ.

ಯುರೋಪಿನೊಡನೆ ವ್ಯವಹರಿಸುವ ಸದಸ್ಯರು ಇನ್ನೊಂದು ಬೆಳವಣಿಗೆಯನ್ನು ಗಮನಿಸಬೇಕು. ಯುರೋಪಿಯನ್ ಒಕ್ಕೂಟದ 2020ರ ನಿಯಮದಂತೆ, ಶೇ. 0.1ಕ್ಕಿಂತ ಹೆಚ್ಚು ಮಾನೊಮರ್ ಡೈಐಸೊಸಯನೇಟ್ ಇರುವ ಉತ್ಪನ್ನಗಳನ್ನು ಕೈಗಾರಿಕೆಯಲ್ಲಾಗಲಿ ವೃತ್ತಿಯಲ್ಲಾಗಲಿ ಬಳಸುವವರು 2023ರ ಆಗಸ್ಟ್ 24ರಿಂದ ಕಡ್ಡಾಯವಾಗಿ ತರಬೇತಿ ಪಡೆದಿರಬೇಕು. ಅಂಟು, ಬಣ್ಣ ಅಥವಾ ಲೇಪನಗಳನ್ನು ಅಲ್ಲಿಗೆ ಕಳುಹಿಸುವವರಿಗೆ ಇದರ ಅರಿವು ಅಗತ್ಯ.

ಲೆಕ್ಕಪತ್ರದ ದೃಷ್ಟಿಯಿಂದ ಹೇಳುವುದಾದರೆ, ಕಾರ್ಮಿಕನ ಪರಿಹಾರದ ಹಕ್ಕು ಲೆಕ್ಕಪತ್ರ ಮಾನದಂಡ 29ರ ವ್ಯಾಪ್ತಿಗೆ ಬರುವ ಹೊಣೆಯಾಗಬಹುದು. ಕಡತದಲ್ಲಿ ‘ನೆಗೆಟಿವ್’ ವರದಿಯಿದೆ ಎಂಬ ಒಂದೇ ಕಾರಣಕ್ಕೆ ಅಂತಹ ಹೊಣೆಯ ಸಂಭವವೇ ಇಲ್ಲವೆಂದು ನಿರ್ಧರಿಸುವುದು ಸರಿಯಲ್ಲ.

ಸದಸ್ಯರ ಪರಿಶೀಲನೆಗೆ ಕೆಲವು ಸೂಚನೆಗಳು

1. ಘಟಕದಲ್ಲಿ ಬಳಸುವ ಪ್ರತಿಯೊಂದು ಹಾರ್ಡ್ನರ್, ಫೋಮ್ ರಾಸಾಯನಿಕ ಮತ್ತು ಅಂಟಿನ ಸುರಕ್ಷತಾ ಮಾಹಿತಿ ಪತ್ರವನ್ನು ಸರಬರಾಜುದಾರರಿಂದ ಪಡೆದು, ಯಾವ ಐಸೊಸಯನೇಟ್ ಎಂಬುದನ್ನು ಪಟ್ಟಿ ಮಾಡಿರಿ.

2. ಹಣವನ್ನು ಮೊದಲು ಗಾಳಿಯ ವ್ಯವಸ್ಥೆಗೆ ವ್ಯಯಿಸಿರಿ. ಮುಚ್ಚಿದ ಸ್ಪ್ರೇ ಬೂತ್, ಹೊರಸೆಳೆಯುವ ಫ್ಯಾನ್, ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ ಇವು ಮುಖ್ಯ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು. ಸಿಂಪಡಣೆ ನಿಂತೊಡನೆ ಮುಖವಾಡ ಮೇಲೆತ್ತುವ ಅಭ್ಯಾಸ ಅಪಾಯಕಾರಿ. ಬೂತಿನ ಮಂಜು ಕಣ್ಣಿಗೆ ಕಾಣದಿದ್ದರೂ ಹಲವು ನಿಮಿಷ ಉಳಿದಿರುತ್ತದೆ. ಚರ್ಮದ ಮೂಲಕವೂ ಅತಿಸಂವೇದನೆ ಬರಬಹುದಾದ್ದರಿಂದ ಕೈಗವಸು ಅಗತ್ಯ.

3. ರಕ್ಷಣಾ ಕ್ರಮಗಳು ಫಲಿಸುತ್ತಿವೆಯೇ ಎಂದು ತಿಳಿಯಲು ಕೆಲಸ ಮುಗಿದೊಡನೆ ತೆಗೆದ ಮೂತ್ರದ ಪರೀಕ್ಷೆಯಿದೆ. ಬ್ರಿಟನ್ನಿನಲ್ಲಿ ಇದಕ್ಕೆ ಮಾರ್ಗದರ್ಶಿ ಮಟ್ಟವನ್ನೂ ನಿಗದಿಪಡಿಸಲಾಗಿದೆ. ಇದು ಸಂಪರ್ಕವನ್ನು ಅಳೆಯುತ್ತದೆಯೇ ಹೊರತು ರೋಗವನ್ನಲ್ಲ.

4. ಕೆಲಸಕ್ಕೆ ಸೇರುವಾಗ ಮತ್ತು ಅನಂತರ ನಿಯತವಾಗಿ ಪ್ರಶ್ನಾವಳಿ ಹಾಗೂ ಸ್ಪೈರೋಮೆಟ್ರಿ ನಡೆಸಿರಿ. ಮೊದಲ ಎರಡು ವರ್ಷಗಳಲ್ಲಿ ವಿಶೇಷ ಗಮನವಿರಲಿ.

5. ಪ್ರತಿಕಾಯ ಪರೀಕ್ಷೆಯನ್ನು ವೈದ್ಯರು ಸಂಶಯಪಟ್ಟವರಿಗೆ, ಅವರ ಸಲಹೆಯಂತೆ, ಸಂಪರ್ಕ ಇನ್ನೂ ಇರುವಾಗ ಅಥವಾ ನಿಂತೊಡನೆ ಮಾಡಿಸಿರಿ. ನೇಮಕಾತಿಯ ಜರಡಿಯಾಗಿ ಇಲ್ಲವೇ ಪರಿಹಾರ ನಿರಾಕರಿಸುವ ದಾಖಲೆಯಾಗಿ ಅದನ್ನು ಬಳಸಬೇಡಿರಿ.

6. ತೊಂದರೆ ಹೇಳಿಕೊಂಡ ಕಾರ್ಮಿಕನಿಗೆ ಸಂಬಳ ಕಡಿತವಿಲ್ಲದೆ ಬೇರೆ ಕೆಲಸ ಸಿಗುವುದೆಂಬ ಭರವಸೆ ಇರಲಿ. ಕೆಲಸ ಹೋಗುವ ಭಯವಿದ್ದಲ್ಲಿ ಯಾವ ಪ್ರಶ್ನಾವಳಿಗೂ ಸತ್ಯವಾದ ಉತ್ತರ ದೊರೆಯದು.

ನುರಿತ ಸ್ಪ್ರೇ ಪೇಂಟರ್ ಒಬ್ಬನನ್ನು ತಯಾರು ಮಾಡಲು ಎಷ್ಟು ವರ್ಷ ಬೇಕೆಂಬುದು ನಮ್ಮ ಸದಸ್ಯರಿಗೆ ಚೆನ್ನಾಗಿ ಗೊತ್ತು. ಅವನ ಉಸಿರು ಒಮ್ಮೆ ಕೆಟ್ಟರೆ ಆ ಕಸುಬಿಗೆ ಅವನು ಮರಳುವುದು ಅಸಾಧ್ಯವೆಂದೇ ಹೇಳಬೇಕು. ಪ್ರಯೋಗಾಲಯದ ವರದಿ ವೈದ್ಯರ ಕೈಯಲ್ಲಿರುವ ಹಲವು ಸಾಕ್ಷ್ಯಗಳಲ್ಲಿ ಒಂದು ಮಾತ್ರ. ಅದರ ಜೊತೆಗೆ ಕಾರ್ಮಿಕನ ಮಾತನ್ನೂ, ಊದುಕೊಳವೆಯ ಅಂಕಿಗಳನ್ನೂ, ಬೂತಿನ ಗಾಳಿಯನ್ನೂ ಪರಿಶೀಲಿಸಿದ ನಂತರವೇ ನಮ್ಮ ಉದ್ಯಮಿಗಳು ತೀರ್ಮಾನಕ್ಕೆ ಬರಲೆಂದು ಕೋರುತ್ತೇನೆ.